ಗೇಮಿಂಗ್ ಗ್ರೂಪ್ ನಡೆಸುತ್ತಲೇ ನಾಯಕತ್ವ ಕಲಿಯುವುದು ಹೇಗೆ: ದಾವಣಗೆರೆಯಿಂದ ಒಂದು ಸಮಗ್ರ ಮಾರ್ಗದರ್ಶಿ

ಕ್ಲಾಷ್ ಆಫ್ ಕ್ಲಾನ್ಸ್ ಎಂಬ ಮೊಬೈಲ್ ಗೇಮ್‌ನಲ್ಲಿ ಒಂದು ಕ್ಲಾನ್‌ಗೆ, ಅಂದರೆ ಆಟಗಾರರ ತಂಡಕ್ಕೆ, ಲೀಡರ್ ಆದವರು ಯಾರಿಗೂ ಸಂಬಳ ಕೊಡುವುದಿಲ್ಲ. ಯಾರ ಸಂಬಳವನ್ನೂ ಕಟ್ ಮಾಡಲು ಆಗುವುದಿಲ್ಲ. ಬೇಜಾರಾದವರು ಒಂದು ಬಟನ್ ಒತ್ತಿ ಹೊರಗೆ ಹೋಗಬಹುದು. ಹಾಗಿದ್ದೂ ಮೂವತ್ತು ನಲವತ್ತು ಜನ ಒಬ್ಬರ ಮಾತು ಕೇಳಿ, ಹೇಳಿದ ಟೈಮಿಗೆ ಬಂದು, ಹೇಳಿದ ಕೆಲಸ ಮಾಡಿ ಹೋಗುತ್ತಾರೆ. ನಿಟುವಳ್ಳಿಯ ಹುಡುಗನಿಗೋ, ವಿದ್ಯಾನಗರದ ಪಿಜಿಯಲ್ಲಿರುವ ಹುಡುಗಿಗೋ ಆಫೀಸಿನಲ್ಲಿ ಅಷ್ಟು ಜನರನ್ನು ನಡೆಸುವ ಅವಕಾಶ ಸಿಗಬೇಕಾದರೆ ವರ್ಷಗಟ್ಟಲೆ ಕಾಯಬೇಕು. ಗೇಮ್‌ನಲ್ಲಿ ಅದು ಹತ್ತೊಂಬತ್ತನೇ ವಯಸ್ಸಿಗೇ ಸಿಗುತ್ತದೆ.

ಇದು ನಾನೊಬ್ಬನೇ ಹೇಳುತ್ತಿರುವ ಮಾತಲ್ಲ. 2008ರ ಮೇ ತಿಂಗಳ ಹಾರ್ವರ್ಡ್ ಬಿಸಿನೆಸ್ ರಿವ್ಯೂ ಪತ್ರಿಕೆಯಲ್ಲಿ ಬೈರನ್ ರೀವ್ಸ್, ಥಾಮಸ್ ಮೆಲೋನ್, ಟೋನಿ ಓಡ್ರಿಸ್ಕಾಲ್ ಎಂಬ ಮೂವರು ಸಂಶೋಧಕರು ಇದೇ ವಿಷಯದ ಮೇಲೆ ಬರೆದಿದ್ದರು. ಸಾವಿರಾರು ಜನ ಒಟ್ಟಿಗೆ ಆಡುವ ಗೇಮ್‌ಗಳಲ್ಲಿ ತಂಡ ನಡೆಸುವವರು ಬೇಗ ನಿರ್ಧಾರ ತೆಗೆದುಕೊಳ್ಳುತ್ತಾರೆ, ತಪ್ಪಿದರೆ ತಿದ್ದಿಕೊಂಡು ಮತ್ತೆ ಪ್ರಯತ್ನಿಸುತ್ತಾರೆ ಎಂದು ಅವರು ಗಮನಿಸಿದರು. ಅವರು ಹೇಳಿದ ಇನ್ನೊಂದು ವಿಷಯ ನನಗೆ ಬಹಳ ಮುಖ್ಯ. ಅಲ್ಲಿ ನಾಯಕತ್ವ ಒಬ್ಬರಿಗೇ ಅಂಟಿಕೊಂಡಿರುವುದಿಲ್ಲ. ಇವತ್ತು ಮುಂದೆ ನಿಂತವರು ನಾಳೆ ಇನ್ನೊಬ್ಬರ ಹಿಂದೆ ನಿಂತು ಆಡುತ್ತಾರೆ.

ಹಾಗಂತ ಗೇಮ್ ಆಡಿದರೆ ಸಾಕು, ನಾಯಕತ್ವ ತಾನಾಗೇ ಬರುತ್ತದೆ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಪಂದ್ಯದ ಒಳಗೆ ಬೆರಳು ಚುರುಕಾಗುತ್ತದೆ, ಅಷ್ಟೆ. ಒಂದು ಪಂದ್ಯಕ್ಕೂ ಇನ್ನೊಂದಕ್ಕೂ ನಡುವೆ ಮಾಡುವ ಕೆಲಸ ಇದೆಯಲ್ಲ, ಜನರನ್ನು ಸೇರಿಸುವುದು, ಟೈಮ್ ಹೊಂದಿಸುವುದು, ಜಗಳ ಬಿಡಿಸುವುದು, ಸೋತವರ ಜೊತೆ ಮಾತಾಡುವುದು, ಕಲಿಯುವುದೆಲ್ಲ ಅಲ್ಲೇ. ನಾನು ದಾವಣಗೆರೆಯಲ್ಲಿ ಒಂದು ಕ್ಲಾನ್ ನಡೆಸುತ್ತೇನೆ, ಹಗಲು ಹೊತ್ತು ಒಂದು ಬಟ್ಟೆ ಅಂಗಡಿಯ ಸೇಲ್ಸ್ ಟೀಮ್ ನೋಡಿಕೊಳ್ಳುತ್ತೇನೆ. ಮದುವೆ ಸೀಸನ್‌ನಲ್ಲಿ ಅಂಗಡಿ ತುಂಬಿದಾಗ ನನ್ನ ಕೈ ಹಿಡಿದಿದ್ದು ಇದೇ ನಡುವಿನ ಕೆಲಸ. ಅದನ್ನು ಹೇಗೆ ಮಾಡುವುದು ಅಂತ ಹೆಜ್ಜೆ ಹೆಜ್ಜೆಯಾಗಿ ಹೇಳುತ್ತೇನೆ.

ಹೆಜ್ಜೆ 1: ಏನು ಕಲಿಯಬೇಕು ಎಂದು ನೋಡಿ ಗೇಮ್ ಆರಿಸಿ

ಎಲ್ಲ ಗೇಮ್ ಒಂದೇ ಪಾಠ ಕಲಿಸುವುದಿಲ್ಲ. ಕ್ಲಾಷ್ ಆಫ್ ಕ್ಲಾನ್ಸ್ ನಿಧಾನದ ಗೇಮ್. ಒಂದು ಕ್ಲಾನ್‌ನಲ್ಲಿ 50 ಜನರವರೆಗೆ ಇರಬಹುದು. ಲೀಡರ್, ಕೋ-ಲೀಡರ್, ಎಲ್ಡರ್, ಮೆಂಬರ್ ಎಂದು ನಾಲ್ಕು ಮಟ್ಟ ಇದೆ. ವಾರ್ ಎಂದರೆ ಇನ್ನೊಂದು ಕ್ಲಾನ್‌ನವರು ಕಟ್ಟಿದ ಊರುಗಳನ್ನು, ಅಂದರೆ ಬೇಸ್‌ಗಳನ್ನು, ಒಡೆಯುವ ಸ್ಪರ್ಧೆ. ಅದರಲ್ಲಿ ಒಬ್ಬೊಬ್ಬರಿಗೆ ಎರಡು ಅಟ್ಯಾಕ್. ಒಂದು ವಾರ್ ಸುಮಾರು ಎರಡು ದಿನ ನಡೆಯುತ್ತದೆ. ಯೋಚನೆ ಮಾಡಲು, ಜನರ ಜೊತೆ ಮಾತಾಡಲು ಬೇಕಾದಷ್ಟು ಸಮಯ ಸಿಗುತ್ತದೆ.

ಬಿಜಿಎಂಐ, ಅಂದರೆ ಪಬ್‌ಜಿ ಮೊಬೈಲ್‌ನ ಭಾರತದ ರೂಪ, ಇದಕ್ಕೆ ಪೂರ್ತಿ ಉಲ್ಟಾ. ಗುಂಡು ಹಾರಿಸುತ್ತಾ ಕೊನೆಯವರೆಗೆ ಉಳಿಯುವ ಆಟ ಅದು. ನಾಲ್ಕು ಜನರ ಸ್ಕ್ವಾಡ್, ಮ್ಯಾಪ್‌ನಲ್ಲಿ 100 ಜನ, ಝೋನ್, ಅಂದರೆ ಸುರಕ್ಷಿತ ಜಾಗ, ಚಿಕ್ಕದಾಗುತ್ತಾ ಬರುತ್ತದೆ. ಐಜಿಎಲ್ ಆದವರು, ಅಂದರೆ ಆಟದ ಒಳಗೆ ತಂಡವನ್ನು ನಡೆಸುವವರು, ಎರಡು ಮೂರು ಸೆಕೆಂಡಿನಲ್ಲಿ ನಿರ್ಧಾರ ಹೇಳಬೇಕು.

ಮಾತಾಡಲು ಸಂಕೋಚ ಇರುವವರು ಕ್ಲಾನ್‌ನಿಂದ ಶುರು ಮಾಡಿ. ಅಲ್ಲಿ ಬರೆದು ಹೇಳಬಹುದು, ಬರೆದದ್ದನ್ನು ಕಳಿಸುವ ಮೊದಲು ಅಳಿಸಬಹುದು. ಗಡಿಬಿಡಿಯಲ್ಲಿ ಕೈಕಾಲು ಆಡುವುದಿಲ್ಲ ಎನ್ನುವವರಿಗೆ ಸ್ಕ್ವಾಡ್ ಒಳ್ಳೆಯದು. ಎರಡನ್ನೂ ಒಟ್ಟಿಗೆ ಹಿಡಿಯಬೇಡಿ. ಒಂದರಲ್ಲಿ ಕೈ ಕುದುರಲಿ.

ಹೆಜ್ಜೆ 2: ದುಡ್ಡು ಕಟ್ಟುವ ಆಟವನ್ನು ಬಾಗಿಲಲ್ಲೇ ನಿಲ್ಲಿಸಿ

2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಬಗ್ಗೆ ಹೊಸ ಕಾಯ್ದೆ ಪಾಸು ಮಾಡಿತು. ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆನ್‌ಲೈನ್ ಆಟಗಳನ್ನು ಅದು ನಿಷೇಧಿಸಿದೆ. ಅದೃಷ್ಟದ ಆಟವೋ ಜಾಣ್ಮೆಯ ಆಟವೋ ಎಂಬ ವ್ಯತ್ಯಾಸ ಅದರಲ್ಲಿಲ್ಲ. ಇ-ಸ್ಪೋರ್ಟ್ಸ್ ಅನ್ನು, ಅಂದರೆ ಸ್ಪರ್ಧೆಯಾಗಿ ಆಡುವ ವಿಡಿಯೋ ಗೇಮ್‌ಗಳನ್ನು, ಬೇರೆಯಾಗಿ ಗುರುತಿಸಿದೆ.

ಹುಡುಗರ ಗ್ರೂಪ್‌ಗಳಲ್ಲಿ "ಕಸ್ಟಮ್ ರೂಮ್, ಎಂಟ್ರಿ 50 ರೂಪಾಯಿ, ವಿನ್ನರ್‌ಗೆ ಇಷ್ಟು" ಎಂಬ ಮೆಸೇಜ್, ಅಂದರೆ ದುಡ್ಡು ಕಟ್ಟಿ ಸೇರುವ ಖಾಸಗಿ ಪಂದ್ಯದ ಕರೆ, ಓಡಾಡುತ್ತಿರುತ್ತದೆ. ಆ ಗೆರೆಯ ಹತ್ತಿರವೂ ಹೋಗಬೇಡಿ. ಕಾನೂನಿನ ಮಾತು ಒಂದು ಕಡೆ ಇರಲಿ. ದುಡ್ಡು ಬಂದ ದಿನ ಗ್ರೂಪಿನಲ್ಲಿ ನಂಬಿಕೆ ಹೋಗುತ್ತದೆ. ಸೋತವನು ಕಳೆದದ್ದನ್ನು ವಾಪಸ್ ಗೆಲ್ಲಲು ನೋಡುತ್ತಾನೆ, ಲೀಡರ್ ಲೆಕ್ಕ ಒಪ್ಪಿಸುವುದರಲ್ಲೇ ಮುಳುಗುತ್ತಾನೆ.

ಹೆಜ್ಜೆ 3: ಗೇಮ್ ಹೋದರೂ ಗ್ರೂಪ್ ಉಳಿಯುವ ಹಾಗೆ ಕಟ್ಟಿ

2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ 118 ಆಪ್‌ಗಳನ್ನು ನಿಷೇಧಿಸಿತು. ಪಬ್‌ಜಿ ಮೊಬೈಲ್ ಅದರಲ್ಲೊಂದು. 2021ರ ಜುಲೈನಲ್ಲಿ ಬಿಜಿಎಂಐ ಬಂತು. 2022ರ ಫೆಬ್ರವರಿಯಲ್ಲಿ ಫ್ರೀ ಫೈರ್ ಎಂಬ ಇನ್ನೊಂದು ಗೇಮ್‌ಗೂ ನಿಷೇಧ ಬಿತ್ತು. ಅದೇ ವರ್ಷ ಜುಲೈನಲ್ಲಿ ಬಿಜಿಎಂಐ ಕೂಡ ಸ್ಟೋರ್‌ಗಳಿಂದ ಮಾಯವಾಯಿತು, ತಿರುಗಿ ಬಂದಿದ್ದು 2023ರ ಮೇ ತಿಂಗಳಲ್ಲಿ.

ಈ ಏರುಪೇರಿನಲ್ಲಿ ಗೇಮ್‌ನ ಫ್ರೆಂಡ್ಸ್ ಲಿಸ್ಟ್ ಮಾತ್ರ ನಂಬಿಕೊಂಡಿದ್ದ ಗ್ರೂಪ್‌ಗಳು ರಾತ್ರೋರಾತ್ರಿ ಚದುರಿಹೋದವು. ಗೇಮ್‌ನ ಹೊರಗೆ ಒಂದು ಜಾಗ ಇಟ್ಟುಕೊಂಡಿದ್ದವರು ಬೇರೆ ಗೇಮ್‌ಗೆ ಹೋದರು, ಕಾದರು, ಮತ್ತೆ ಸೇರಿದರು. ಆದ್ದರಿಂದ ಮೊದಲ ವಾರವೇ ಡಿಸ್ಕಾರ್ಡ್ ಎಂಬ ಚಾಟ್ ಆಪ್‌ನಲ್ಲಿ ಒಂದು ಸರ್ವರ್, ಅಂದರೆ ಗ್ರೂಪಿನದ್ದೇ ಆದ ಜಾಗ, ಅಥವಾ ವಾಟ್ಸಾಪ್ ಗ್ರೂಪ್ ಮಾಡಿ. ನನ್ನ ಆಯ್ಕೆ ಡಿಸ್ಕಾರ್ಡ್. ಅಲ್ಲಿ ಫೋನ್ ನಂಬರ್ ಬೇರೆಯವರಿಗೆ ಕಾಣುವುದಿಲ್ಲ. ಗ್ರೂಪಿನಲ್ಲಿ ಹೆಣ್ಣುಮಕ್ಕಳಿದ್ದರೆ ಇದು ಸಣ್ಣ ವಿಷಯವಲ್ಲ. ಚಾನೆಲ್‌ಗಳು ಮೂರೇ ಸಾಕು: ಸೂಚನೆಗೆ ಒಂದು, ಹರಟೆಗೆ ಒಂದು, ಮಾತಾಡಲು ಒಂದು. ಸೂಚನೆಯ ಚಾನೆಲ್‌ನಲ್ಲಿ ಲೀಡರ್, ಕೋ-ಲೀಡರ್ ಮಾತ್ರ ಬರೆಯುವ ಹಾಗೆ ಪರ್ಮಿಷನ್ ಹಾಕಿ. ಇಲ್ಲದಿದ್ದರೆ ವಾರ್ ಟೈಮಿನ ಮೆಸೇಜ್ ಗುಡ್ ಮಾರ್ನಿಂಗ್ ಫೋಟೋಗಳ ಕೆಳಗೆ ಹೂತುಹೋಗುತ್ತದೆ.

ಡಿಸ್ಕಾರ್ಡ್‌ಗೆ ಕನಿಷ್ಠ 13 ವರ್ಷ ಆಗಿರಬೇಕು. ನಿಮ್ಮ ಗ್ರೂಪಿಗೆ 18 ವರ್ಷದ ಒಳಗಿನವರನ್ನು ಸೇರಿಸುವುದಾದರೆ ಮನೆಯವರಿಗೆ ಗೊತ್ತಿದೆಯಾ ಅಂತ ಕೇಳಿ ಸೇರಿಸಿ.

ಹೆಜ್ಜೆ 4: ನಿಯಮ ಕಡಿಮೆ ಇರಲಿ, ಎಲ್ಲರಿಗೂ ಒಂದೇ ಇರಲಿ

ಇಪ್ಪತ್ತು ನಿಯಮ ಬರೆದರೆ ಯಾರೂ ಓದುವುದಿಲ್ಲ. ನಮ್ಮಲ್ಲಿ ಇರುವುದು ಇಷ್ಟೇ:

"ವಾರ್‌ಗೆ ಹೆಸರು ಕೊಟ್ಟರೆ ಎರಡೂ ಅಟ್ಯಾಕ್ ಮಾಡಬೇಕು. ಆಗಲ್ಲ ಅಂದ್ರೆ ಮೊದಲೇ ಕೆಂಪು ಹಾಕಿ, ಯಾರೂ ಏನೂ ಅನ್ನಲ್ಲ. ಅಪ್ಪ ಅಮ್ಮನ ಮೇಲೆ, ಜಾತಿ ಮೇಲೆ, ಹೆಣ್ಣುಮಕ್ಕಳ ಮೇಲೆ ಬೈದರೆ ಅವತ್ತೇ ಹೊರಗೆ."

ಕೆಂಪು ಹಾಕುವುದು ಎಂದರೆ ಈ ವಾರ್‌ಗೆ ನಾನಿಲ್ಲ ಎಂದು ಗೇಮ್‌ನಲ್ಲೇ ಗುರುತು ಹಾಕುವುದು. ಮೂರನೇ ಸಾಲಿನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಎಷ್ಟೋ ಹುಡುಗಿಯರು ಹುಡುಗರ ಹೆಸರಿಟ್ಟುಕೊಂಡು, ಮೈಕ್ ಆಫ್ ಮಾಡಿಕೊಂಡು ಆಡುತ್ತಾರೆ. ಚೆನ್ನಾಗಿ ಆಡುವವರು ಬಾಯಿ ಮುಚ್ಚಿಕೊಂಡು ಆಡಬೇಕಾದರೆ ನಷ್ಟ ತಂಡಕ್ಕೇ ಅಲ್ವಾ? ನಮ್ಮ ಸ್ಕ್ವಾಡ್‌ನಲ್ಲಿ ಒಬ್ಬ ಅಕ್ಕ ಇದ್ದಾರೆ, ಆಸ್ಪತ್ರೆಯಲ್ಲಿ ನರ್ಸ್. ಒಮ್ಮೆ ಹೊಸದಾಗಿ ಸೇರಿದವನೊಬ್ಬ ಮೈಕ್‌ನಲ್ಲಿ "ಏ, ಹುಡುಗೀನಾ?" ಅಂತ ನಕ್ಕ. ಅವತ್ತಿನ ಐಜಿಎಲ್ ಆಟ ನಿಲ್ಲಿಸದೇ ಹೇಳಿದ: "ಅವರು ನಮ್ಮ ಸ್ನೈಪರ್. ಕಾಲ್ ಕೇಳಿಸ್ಕೋ, ದನಿ ಅಲ್ಲ." ಅಷ್ಟೇ. ಭಾಷಣ ಇಲ್ಲ, ಜಗಳ ಇಲ್ಲ. ತಕ್ಷಣ ಹೇಳಿದ್ದು, ಎಲ್ಲರ ಮುಂದೆ ಹೇಳಿದ್ದು ಮುಖ್ಯ. ಲೀಡರ್ ಅಂಥ ಹೊತ್ತಿನಲ್ಲಿ ಸುಮ್ನೆ ಇದ್ದರೆ ಅದನ್ನು ಒಪ್ಪಿಗೆ ಅಂತಲೇ ಉಳಿದವರು ತಿಳಿಯುತ್ತಾರೆ.

ಹೆಜ್ಜೆ 5: ಜನರ ದಿನಚರಿ ತಿಳಿದು ಟೈಮ್ ಇಡಿ

ಎಲ್ಲ ಹೆಜ್ಜೆಗಳಲ್ಲಿ ನನಗೆ ಅತಿ ಮುಖ್ಯ ಅನಿಸುವುದು ಇದು.

ನಮ್ಮ ಕ್ಲಾನ್‌ನಲ್ಲಿ ಇಂಜಿನಿಯರಿಂಗ್ ಓದುವವರಿದ್ದಾರೆ, ಮಂಡಿಪೇಟೆಯ ಅಂಗಡಿಗಳಲ್ಲಿ ಲೆಕ್ಕ ಬರೆಯುವವರಿದ್ದಾರೆ, ಹರಿಹರದಿಂದ ಕೆಲಸಕ್ಕೆ ಓಡಾಡುವವರಿದ್ದಾರೆ, ಚನ್ನಗಿರಿ ಕಡೆಯ ಅಡಿಕೆ ತೋಟದ ಮನೆಯವರಿದ್ದಾರೆ. ಇಂಟರ್ನಲ್ಸ್ ಬಂದಾಗ ಒಂದು ಗುಂಪು ಕಾಣೆ. ಅಡಿಕೆ ಕೊಯ್ಲು ಶುರುವಾದರೆ ಇನ್ನೊಂದು ಗುಂಪು ಕಾಣೆ. ದುರ್ಗಾಂಬಿಕಾ ಜಾತ್ರೆ ಬಂದರೆ ಅರ್ಧ ಊರೇ ಕಾಣೆ. ಬೆಸ್ಕಾಂನವರು ಕರೆಂಟ್ ತೆಗೆದರೆ ವೈಫೈ ಇಲ್ಲ.

ಇದನ್ನೆಲ್ಲ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಹೆಸರು, ಊರು, ಯಾವ ಹೊತ್ತಿಗೆ ಬಿಡುವು, ಯಾವ ತಿಂಗಳು ಆಗುವುದಿಲ್ಲ. ಆಮೇಲೆ ಟೈಮ್ ಲೆಕ್ಕ ಹಾಕಿ. ಕ್ಲಾನ್ ವಾರ್‌ನಲ್ಲಿ ತಯಾರಿಗೆ 23 ಗಂಟೆ, ಯುದ್ಧಕ್ಕೆ 24 ಗಂಟೆ. ಶುಕ್ರವಾರ ರಾತ್ರಿ 9ಕ್ಕೆ ವಾರ್ ಸಿಕ್ಕಿದರೆ ಶನಿವಾರ ರಾತ್ರಿ 8ಕ್ಕೆ ಯುದ್ಧ ತೆರೆಯುತ್ತದೆ, ಭಾನುವಾರ ರಾತ್ರಿ 8ಕ್ಕೆ ಮುಗಿಯುತ್ತದೆ. ಅಂಗಡಿಯವರಿಗೆ ಶನಿವಾರ ಬಾಗಿಲು ಹಾಕಿದ ಮೇಲೆ ಒಂದು ಅಟ್ಯಾಕ್, ಭಾನುವಾರ ಬಿಡುವಾದಾಗ ಇನ್ನೊಂದು. ವಿದ್ಯಾರ್ಥಿಗಳಿಗೆ ಭಾನುವಾರ ಪೂರ್ತಿ. ಸೋಮವಾರದ ನಿದ್ದೆ ಯಾರದ್ದೂ ಕೆಡುವುದಿಲ್ಲ. ಅದೇ ವಾರ್ ಅನ್ನು ಮಂಗಳವಾರ ಮಧ್ಯಾಹ್ನ ಹಚ್ಚಿದರೆ ಗುರುವಾರ ಮಧ್ಯಾಹ್ನ, ಎಲ್ಲರೂ ಕೆಲಸದಲ್ಲಿರುವಾಗ, ಮುಗಿಯುತ್ತದೆ. ಆಮೇಲೆ "ಅಟ್ಯಾಕ್ ಬಿಟ್ಟಿದ್ದಾರೆ" ಅಂತ ಜನರನ್ನು ಬೈದು ಪ್ರಯೋಜನ ಏನು?

ಮುಗಿಯುವ ಗಂಟೆಯಿಂದ ಹಿಂದಕ್ಕೆ ಲೆಕ್ಕ ಹಾಕುವ ಈ ಅಭ್ಯಾಸ ಅಂಗಡಿಯಲ್ಲಿ ನನಗೆ ನೇರವಾಗಿ ಉಪಯೋಗಕ್ಕೆ ಬಂತು. ಮದುವೆ ಜವಳಿ ತೆಗೆಯುವವರು ಹಳ್ಳಿಯಿಂದ ಬೆಳಗಿನ ಬಸ್ಸಿಗೆ ಬಂದು ಸಂಜೆ ಬಸ್ಸಿಗೆ ಹೋಗುತ್ತಾರೆ. ಹಾಗಾಗಿ ಜನ ಜಾಸ್ತಿ ಬೇಕಾಗಿರುವುದು ಹನ್ನೊಂದರಿಂದ ನಾಲ್ಕರವರೆಗೆ. ಊಟದ ಪಾಳಿಯನ್ನು ಅದಕ್ಕೆ ತಕ್ಕ ಹಾಗೆ ಹಂಚಿದೆವು.

ಹೆಜ್ಜೆ 6: ಕೆಲಸ ಕೊಡುವುದಾದರೆ ಪೂರ್ತಿ ಕೊಡಿ

ಕೋ-ಲೀಡರ್ ಎಂಬ ಪಟ್ಟ ಕೊಟ್ಟು ಎಲ್ಲವನ್ನೂ ತಾವೇ ಮಾಡುವ ಲೀಡರ್‌ಗಳನ್ನು ನೋಡಿದ್ದೇನೆ. ಆರು ತಿಂಗಳಲ್ಲಿ ಸುಸ್ತಾಗಿ ಗೇಮ್ ಬಿಡುತ್ತಾರೆ. ಒಬ್ಬರಿಗೆ ಹೊಸಬರನ್ನು ಸೇರಿಸುವ ಕೆಲಸ, ಒಬ್ಬರಿಗೆ ವಾರ್ ಪ್ಲಾನ್, ಒಬ್ಬರಿಗೆ ಕ್ಲಾನ್‌ನವರು ಒಬ್ಬರಿಗೊಬ್ಬರು ಕೊಡುವ ಸೈನ್ಯವನ್ನು ಕ್ಲಾನ್ ಕ್ಯಾಸಲ್‌ಗಳಿಗೆ ತುಂಬಿಸುವ ಕೆಲಸ. ಕೊಟ್ಟ ಮೇಲೆ ನಡುವೆ ಕೈ ಹಾಕಬೇಡಿ. ಅವರು ನಿಮ್ಮ ಹಾಗೆ ಮಾಡುವುದಿಲ್ಲ, ಅವರ ಹಾಗೆ ಮಾಡುತ್ತಾರೆ. ಕೆಲಸ ಆದರೆ ಸಾಕು.

ಆದರೆ ಎಚ್ಚರ. ಕೋ-ಲೀಡರ್ ವಾರ್ ಶುರು ಮಾಡಬಹುದು, ಜನರನ್ನು ಹೊರಗೆ ಹಾಕಬಹುದು. ಕೇಳಿದ ತಕ್ಷಣ ಕೊಡುವ ಪಟ್ಟ ಅದಲ್ಲ. ಮೊದಲು ಎಲ್ಡರ್ ಮಾಡಿ, ಒಂದು ಸಣ್ಣ ಜವಾಬ್ದಾರಿ ಕೊಟ್ಟು ನೋಡಿ. ನಾನು ನೋಡುವುದು ಒಂದೇ: ತಾನು ಆಡದ ವಾರ್‌ನಲ್ಲೂ ಬೇರೆಯವರಿಗೆ ಸೈನ್ಯ ಕೊಡುತ್ತಾರಾ?

ವಾರ್ ಪ್ಲಾನ್ ಬರೆಯುವಾಗ ಯಾರು, ಏನು, ಯಾವಾಗ ಎಂಬುದು ಒಂದೇ ಓದಿಗೆ ಗೊತ್ತಾಗಬೇಕು. ಹೀಗೆ:

"ಮೊದಲ ಅಟ್ಯಾಕ್: ಎಲ್ಲರೂ ನಿಮ್ಮ ನಂಬರಿನ ಎದುರಿನ ಬೇಸ್ ಮೇಲೆ, ಶನಿವಾರ ರಾತ್ರಿ 11ರ ಒಳಗೆ. ನಂಬರ್ 1ರಿಂದ 4 ಎರಡನೇ ಅಟ್ಯಾಕ್ ಉಳಿಸಿಕೊಳ್ಳಿ. ಉಳಿದವರು ಭಾನುವಾರ ಮಧ್ಯಾಹ್ನದೊಳಗೆ ಮುಗಿಸಿ. ಕೊನೆಗೆ ಬಿಟ್ಟುಹೋದ ಬೇಸ್‌ಗಳನ್ನು ಆ ನಾಲ್ವರು ನೋಡಿಕೊಳ್ಳುತ್ತಾರೆ."

ನಂಬರ್ 1ರಿಂದ 4 ಎಂದರೆ ವಾರ್ ಪಟ್ಟಿಯ ಮೇಲಿರುವ ಗಟ್ಟಿ ಆಟಗಾರರು. ಅವರ ಅಟ್ಯಾಕ್ ಏಕೆ ಉಳಿಸುವುದು? ವಾರ್ ಗೆಲ್ಲುವುದು ಸ್ಟಾರ್ ಲೆಕ್ಕದಲ್ಲಿ, ಒಂದು ಬೇಸ್‌ಗೆ ಸಿಗುವುದು ಹೆಚ್ಚೆಂದರೆ ಮೂರು ಸ್ಟಾರ್. ಎಲ್ಲರೂ ಎರಡೂ ಅಟ್ಯಾಕ್ ಮೊದಲೇ ಮುಗಿಸಿದರೆ ಕೊನೆಯಲ್ಲಿ ಅರ್ಧಂಬರ್ಧ ಉಳಿದ ಬೇಸ್‌ಗಳನ್ನು ಮುಗಿಸಲು ಕೈಯಲ್ಲಿ ಯಾರೂ ಇರುವುದಿಲ್ಲ. ಸ್ಟಾರ್ ಸಮ ಆದರೆ ಎಷ್ಟು ಶೇಕಡಾ ಒಡೆದಿದ್ದೀರಿ ಎಂಬುದರ ಮೇಲೆ ಗೆಲುವು. ಈ ಕಾರಣವನ್ನು ಪ್ಲಾನ್ ಜೊತೆಗೇ ಹೇಳಿ. "ನಾನು ಹೇಳಿದೆ ಮಾಡಿ" ಎಂದರೆ ಒಂದು ವಾರ್ ಕೇಳುತ್ತಾರೆ. ಕಾರಣ ಗೊತ್ತಾದರೆ ನೀವು ಇಲ್ಲದಾಗಲೂ ಹಾಗೇ ಮಾಡುತ್ತಾರೆ.

ಹೆಜ್ಜೆ 7: ಗಡಿಬಿಡಿಯಲ್ಲಿ ಮಾತು ಚಿಕ್ಕದಿರಲಿ

ಇದು ಸ್ಕ್ವಾಡ್ ನಡೆಸುವವರಿಗೆ. ಬಿಜಿಎಂಐನಲ್ಲಿ ಗುಂಡು ಬಿದ್ದ ಕ್ಷಣ ನಾಲ್ಕೂ ಜನ ಒಟ್ಟಿಗೆ ಕೂಗುತ್ತಾರೆ. "ಲೇ ಹೊಡೀತಿದಾನೆ, ಅಲ್ಲಿ ಅಲ್ಲಿ, ರಿವೈವ್ ಮಾಡ್ರೋ!" ಅಲ್ಲಿ ಎಂದರೆ ಎಲ್ಲಿ? ಯಾರಿಗೂ ಗೊತ್ತಾಗುವುದಿಲ್ಲ.

ಮೇಲೆ ದಿಕ್ಸೂಚಿಯಲ್ಲಿ ಡಿಗ್ರಿ ಕಾಣುತ್ತದೆ. ಅದನ್ನು ಬಳಸಿ. ಮೊದಲು ದಿಕ್ಕು, ಆಮೇಲೆ ಜಾಗ, ಆಮೇಲೆ ಎಷ್ಟು ಜನ. "60, ಎರಡು ಮಹಡಿ ಮನೆ ಮೇಲೆ, ಇಬ್ಬರು, ಒಬ್ಬ ನಾಕ್." ನಾಕ್ ಆದವರು, ಅಂದರೆ ಗುಂಡು ತಿಂದು ಬಿದ್ದವರು, ಕೂಡ ಮೊದಲು ಇದನ್ನೇ ಹೇಳಬೇಕು, ರಿವೈವ್ ಮಾಡಿ, ಅಂದರೆ ಎಬ್ಬಿಸಿ, ಎಂದು ಕೇಳುವುದು ಆಮೇಲೆ. ಬಿದ್ದವರು ಹೊಡೆದವನನ್ನು ನೋಡಿರುತ್ತಾರಲ್ಲ, ಆ ಹೊತ್ತಿಗೆ ತಂಡದಲ್ಲಿ ಹೆಚ್ಚು ಗೊತ್ತಿರುವುದು ಅವರಿಗೇ.

ವಿಷಯ ಹೇಳುವುದು ಎಲ್ಲರ ಕೆಲಸ, ನಿರ್ಧಾರ ಹೇಳುವುದು ಐಜಿಎಲ್ ಒಬ್ಬರ ಕೆಲಸ. "ರಶ್" ಎಂದರೆ ನಾಲ್ಕೂ ಜನ ರಶ್. ಅದು ತಪ್ಪು ನಿರ್ಧಾರ ಅನಿಸಿದರೂ ಆಗ ವಾದ ಬೇಡ, ಪಂದ್ಯ ಮುಗಿದ ಮೇಲೆ ಬೇಕಾದಷ್ಟು ವಾದ ಮಾಡಿ. ಇಬ್ಬರು ನುಗ್ಗಿ ಇಬ್ಬರು ನಿಂತರೆ ಸರಿಯಾದ ನಿರ್ಧಾರವೂ ಸೋಲುತ್ತದೆ.

ಐಜಿಎಲ್ ಆದವರಿಗೆ ಇನ್ನೂ ಒಂದು ಅಭ್ಯಾಸ ಬೇಕು. ಏನೂ ನಡೆಯದೇ ಇರುವಾಗ ಮುಂದಿನ ಯೋಚನೆಯನ್ನು ಜೋರಾಗಿ ಹೇಳುತ್ತಿರಿ. "ಮುಂದಿನ ಝೋನ್ ಈ ಕಡೆ ಬಂದ್ರೆ ಬೆಟ್ಟದ ಹಿಂದೆ ಹೋಗೋಣ, ಆ ಕಡೆ ಹೋದ್ರೆ ಗಾಡಿ ಹತ್ತೋಣ." ತಂಡಕ್ಕೆ ಮೊದಲೇ ಗೊತ್ತಿದ್ದರೆ ಆ ಹೊತ್ತಿನಲ್ಲಿ ಒಂದೇ ಪದ ಸಾಕಾಗುತ್ತದೆ. ಮದುವೆ ಮನೆಯ ಅಡುಗೆ ಭಟ್ಟರು ಎರಡನೇ ಪಂಕ್ತಿ ಏಳುವ ಮೊದಲೇ ಮೂರನೇ ಪಂಕ್ತಿಯ ಅನ್ನಕ್ಕೆ ಎಸರು ಇಡಿಸುವ ಹಾಗೆ.

ದಿನವೂ ಒಂದೆರಡು ಪಂದ್ಯ ಐಜಿಎಲ್ ಬದಲಾಯಿಸಿ. ಸದಾ ಆರ್ಡರ್ ಕೊಡುವವರು ಒಮ್ಮೆ ಆರ್ಡರ್ ಕೇಳಿ ಆಡಲಿ. ತಮ್ಮ ಮಾತು ಬೇರೆಯವರ ಕಿವಿಗೆ ಹೇಗೆ ಕೇಳುತ್ತದೆ ಎನ್ನುವುದು ಆಗ ಗೊತ್ತಾಗುತ್ತದೆ.

ಹೆಜ್ಜೆ 8: ಸೋತ ಮಾರನೇ ದಿನ ಕೂತು ಮಾತಾಡಿ

ಸೋತ ರಾತ್ರಿ ಏನೂ ಮಾತಾಡಬೇಡಿ. ಎಲ್ಲರ ತಲೆ ಬಿಸಿ ಇರುತ್ತದೆ. "ಆಡಿದ್ದಕ್ಕೆ ಥ್ಯಾಂಕ್ಸ್, ನಾಳೆ ಎಂಟೂವರೆಗೆ ಹದಿನೈದು ನಿಮಿಷ ಸೇರೋಣ" ಎಂದು ಬರೆದು ಮಲಗಿ.

ಮಾರನೇ ದಿನ ರಿಪ್ಲೇ ಹಾಕಿಕೊಳ್ಳಿ. ಕ್ಲಾಷ್‌ನಲ್ಲಿ ಒಂದು ಅಟ್ಯಾಕ್ ಮೂರು ನಿಮಿಷ, ಅದನ್ನು ಮತ್ತೆ ನೋಡಬಹುದು. ಮೂರು ಪ್ರಶ್ನೆ ಕೇಳಿ. ಆಗ ನಮಗೆ ಏನು ಗೊತ್ತಿತ್ತು? ಅದರಿಂದ ಏನು ಅಂದುಕೊಂಡೆವು? ಮುಂದಿನ ಸಲ ಯಾವ ಒಂದು ವಿಷಯ ಬದಲಾಯಿಸೋಣ? ಒಂದೇ ವಿಷಯ. ಹತ್ತು ಬದಲಾವಣೆ ಹೇಳಿದರೆ ಒಂದೂ ಆಗುವುದಿಲ್ಲ. ಚೆನ್ನಾಗಿ ಆಡಿದವರ ಹೆಸರನ್ನು ಎಲ್ಲರ ಮುಂದೆ ಹೇಳಿ, ಏನು ಚೆನ್ನಾಗಿತ್ತು ಎಂದೂ ಹೇಳಿ. "ಸೂಪರ್ ಮಗಾ" ಎನ್ನುವುದು ಸಾಕಾಗುವುದಿಲ್ಲ. "ಮೊದಲು ಏರ್ ಡಿಫೆನ್ಸ್ ತೆಗೆದು ಆಮೇಲೆ ಡ್ರ್ಯಾಗನ್ ಬಿಟ್ಟೆಯಲ್ಲ, ಅದು ಸರಿ" ಎಂದರೆ ಉಳಿದವರೂ ಕಲಿಯುತ್ತಾರೆ.

ತಪ್ಪು ಮಾಡಿದವರ ಜೊತೆ ಮಾತು ಒಂಟಿಯಾಗಿ ಇರಲಿ. ನಮ್ಮಲ್ಲಿ ಒಬ್ಬ ಹುಡುಗ ಸತತವಾಗಿ ಅಟ್ಯಾಕ್ ಬಿಡುತ್ತಿದ್ದ. ಗ್ರೂಪಿನಲ್ಲಿ "ಕಿಕ್ ಮಾಡಿ" ಎಂಬ ಕೂಗು ಎದ್ದಿತ್ತು. ನಮ್ಮ ಕೋ-ಲೀಡರ್ ಅವನಿಗೆ ಪರ್ಸನಲ್ ಮೆಸೇಜ್ ಹಾಕಿದ.

"ಲೇ ತಮ್ಮ, ಊಟ ಆಯ್ತಾ? ಎರಡನೇ ಅಟ್ಯಾಕ್ ಆಗ್ತಿಲ್ಲ, ಏನ್ ಸಮಾಚಾರ?"

"ಅಣ್ಣ, ಕೊಯ್ಲು ನಡೀತಿದೆ. ರಾತ್ರಿ ಅಪ್ಪನ ಜೊತೆ ಅಡಿಕೆ ಬೇಯಿಸೋಕೆ ಕೂರ್ತೀನಿ. ತೋಟದಲ್ಲಿ ನೆಟ್ ಸಿಗಲ್ಲ."

"ಅದನ್ನ ಹೇಳೋದಲ್ವೇನೋ? ಕೊಯ್ಲು ಮುಗಿಯೋವರೆಗೂ ಕೆಂಪು ಹಾಕ್ಕೋ. ಟೈಮ್ ಸಿಕ್ಕಾಗ ಸೈನ್ಯ ಕೊಡು, ಸಾಕು."

ಹುಡುಗ ಉಳಿದ. ಇಲ್ಲಿ ಕೋ-ಲೀಡರ್ ಮಾಡಿದ್ದನ್ನು ಗಮನಿಸಿ. ಮೊದಲು ಯೋಗಕ್ಷೇಮ, ಆಮೇಲೆ ನಡೆದದ್ದು ಏನು ಎಂಬ ನೇರ ಮಾತು, ಆಮೇಲೆ ಪ್ರಶ್ನೆ. "ನಿನಗೆ ಜವಾಬ್ದಾರಿ ಇಲ್ಲ" ಎಂಬ ತೀರ್ಪು ಎಲ್ಲೂ ಇಲ್ಲ. ಅಂಗಡಿಗೆ ತಡವಾಗಿ ಬರುವ ಹುಡುಗಿಯ ಜೊತೆಗೂ ಹೀಗೇ ಮಾತಾಡಬೇಕು.

ಹೆಜ್ಜೆ 9: ಬೋನಸ್ ಹಂಚುವ ಲೆಕ್ಕ ಮೊದಲೇ ಹೇಳಿ

ಪ್ರತಿ ತಿಂಗಳ ಕ್ಲಾನ್ ವಾರ್ ಲೀಗ್‌ನಲ್ಲಿ ಏಳು ದಿನ, ದಿನಕ್ಕೊಂದು ಅಟ್ಯಾಕ್. ಕೊನೆಯಲ್ಲಿ ಕೆಲವರಿಗೆ ಮಾತ್ರ ಬೋನಸ್ ಮೆಡಲ್, ಅಂದರೆ ಗೇಮ್‌ನೊಳಗಿನ ಹೆಚ್ಚುವರಿ ಬಹುಮಾನ, ಕೊಡಬಹುದು. ಯಾರಿಗೆ ಎಂಬುದು ಕ್ಲಾನ್ ನಡೆಸುವವರ ಕೈಯಲ್ಲಿ. ಕ್ಲಾನ್‌ಗಳು ಒಡೆಯುವುದು ಸೋಲಿನಿಂದಲ್ಲ, ಹೆಚ್ಚಾಗಿ ಇಲ್ಲಿಂದ. "ಅವನ ಫ್ರೆಂಡ್ಸ್‌ಗೇ ಕೊಟ್ಟ" ಎಂಬ ಒಂದು ಮಾತು ಸಾಕು.

ಲೀಗ್ ಶುರುವಾಗುವ ಮೊದಲೇ ಲೆಕ್ಕ ಹಾಕಿಡಿ. ಏಳೂ ಅಟ್ಯಾಕ್ ಮಾಡಿದವರು ಮೊದಲು, ಅವರಲ್ಲಿ ಹೆಚ್ಚು ಸ್ಟಾರ್ ತಂದವರು, ಸಮ ಆದರೆ ಹೋದ ತಿಂಗಳು ಸಿಗದವರು. ಕೊನೆಗೆ ಪಟ್ಟಿಯನ್ನು ಅಂಕಿ ಸಮೇತ ಎಲ್ಲರಿಗೂ ತೋರಿಸಿ. ಲೀಡರ್ ತನ್ನ ಹೆಸರನ್ನು ಕೊನೆಯಲ್ಲಿ ಇಡಲಿ.

ಹೊರಗೆ ಹಾಕುವುದಕ್ಕೂ ಇದೇ ಮಾತು. ಬೈಗುಳದ ವಿಷಯ ಬಿಟ್ಟು ಉಳಿದದ್ದಕ್ಕೆಲ್ಲ ಮೊದಲು ಒಂದು ಎಚ್ಚರಿಕೆ, ಪರ್ಸನಲ್ ಆಗಿ. ಆಮೇಲೂ ನಡೆದರೆ ಕಾರಣ ಹೇಳಿ ಕಳಿಸಿ. ಹೇಳದೇ ಕಿಕ್ ಮಾಡಿದರೆ ಉಳಿದವರು "ನಾಳೆ ನನ್ನ ಸರದಿ" ಅಂತ ಹೆದರುತ್ತಾರೆ.

ಹೆಜ್ಜೆ 10: ಮಲಗಲು ಕಳಿಸುವುದೂ ಲೀಡರ್ ಕೆಲಸ

ಬಿಜಿಎಂಐ 2023ರಲ್ಲಿ ವಾಪಸ್ ಬಂದಾಗ 18 ತುಂಬದವರಿಗೆ ದಿನಕ್ಕೆ 3 ಗಂಟೆ, ಉಳಿದವರಿಗೆ 6 ಗಂಟೆ ಎಂಬ ಮಿತಿ ಹಾಕಿತು. ನನ್ನ ಪ್ರಕಾರ ಓದುವವರಿಗೆ ಆ ಮೂರು ಗಂಟೆಯೂ ಜಾಸ್ತಿ. ರಾತ್ರಿ ಹನ್ನೊಂದರ ಮೇಲೆ ನಮ್ಮಲ್ಲಿ ಗ್ರೂಪ್ ಆಟ ಇಲ್ಲ. ಪರೀಕ್ಷೆ ಇದ್ದವರನ್ನು ನಾವೇ ಪಟ್ಟಿಯಿಂದ ತೆಗೆಯುತ್ತೇವೆ, ಮುಗಿದ ಮೇಲೆ ಅವರ ಜಾಗ ಅವರಿಗೇ.

ಯಾರಾದರೂ ಕೆಲಸ, ಕಾಲೇಜು, ಊಟ ಬಿಟ್ಟು ಸದಾ ಆನ್‌ಲೈನ್ ಇದ್ದರೆ ಅದನ್ನು ನಿಷ್ಠೆ ಅಂತ ಹೊಗಳಬೇಡಿ. ಗೇಮಿಂಗ್ ಚಟವನ್ನು ವಿಶ್ವ ಆರೋಗ್ಯ ಸಂಸ್ಥೆ ಕಾಯಿಲೆಗಳ ಪಟ್ಟಿಯಲ್ಲಿ ಸೇರಿಸಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಗೇಮ್, ಫೋನ್, ಇಂಟರ್ನೆಟ್ ಚಟಕ್ಕೆಂದೇ ಶಟ್ ಕ್ಲಿನಿಕ್ ಇದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಈ ನಂಬರನ್ನು ಗ್ರೂಪಿನ ಸೂಚನೆ ಚಾನೆಲ್‌ನಲ್ಲಿ ಪಿನ್ ಮಾಡಿಡಿ.

ಹೆಜ್ಜೆ 11: ಕಲಿತದ್ದನ್ನು ಹೊರಗೆ ತನ್ನಿ

ತಿಂಗಳಿಗೊಮ್ಮೆ ನೋಟ್‌ಬುಕ್ ತೆಗೆದು ಒಂದು ಪುಟ ಬರೆಯಿರಿ. ಯಾವ ಜಗಳ ಬಂತು, ಏನು ಮಾಡಿದಿರಿ, ಏನಾಯಿತು. ಎಷ್ಟು ಜನ ಸೇರಿದರು, ಎಷ್ಟು ಜನ ಬಿಟ್ಟರು, ಏಕೆ. ಬರೆಯದಿದ್ದರೆ ಇಂಟರ್ವ್ಯೂನಲ್ಲಿ ಒಂದೂ ನೆನಪಿಗೆ ಬರುವುದಿಲ್ಲ.

ಆಮೇಲೆ ಗೇಮ್‌ನ ಹೊರಗೆ ಒಂದು ಸಣ್ಣ ಕೆಲಸ ಹಿಡಿಯಿರಿ. ಕಾಲೇಜ್ ಫೆಸ್ಟ್‌ನ ಒಂದು ಸ್ಪರ್ಧೆ, ಓಣಿಯ ಗಣಪತಿ ಕೂರಿಸುವ ಸಮಿತಿಯಲ್ಲಿ ಪ್ರಸಾದದ ಜವಾಬ್ದಾರಿ, ಗೆಳೆಯರ ಜೊತೆ ಕುಂದವಾಡ ಕೆರೆ ಸುತ್ತ ಕಸ ಹೆಕ್ಕುವ ಒಂದು ಭಾನುವಾರ. ಅಲ್ಲೂ ಯಾರಿಗೂ ಸಂಬಳ ಇಲ್ಲ, ಯಾರು ಬೇಕಾದರೂ ಎದ್ದು ಹೋಗಬಹುದು. ವ್ಯತ್ಯಾಸ ಏನೆಂದರೆ ಅಲ್ಲಿ ನಿಮಗಿಂತ ದೊಡ್ಡವರು ಇರುತ್ತಾರೆ. "ನಿಂಗೇನ್ ಗೊತ್ತು, ಸುಮ್ನಿರು" ಎನ್ನುವ ಕಾಕಾ ಒಬ್ಬರಾದರೂ ಇರುತ್ತಾರೆ. ಅವರನ್ನು ಮ್ಯೂಟ್ ಮಾಡಲು ಆಗುವುದಿಲ್ಲ. "ಕಾಕಾ, ಹೋದ ವರ್ಷ ನೀವು ಹೇಗೆ ಮಾಡಿದ್ರಿ, ಹೇಳಿಕೊಡ್ರಿ" ಎಂದು ಕೇಳಿ ಶುರು ಮಾಡಿ. ಗೇಮ್ ಕಲಿಸದ ಪಾಠ ಇದೊಂದೇ, ಇದನ್ನು ಹೊರಗೇ ಕಲಿಯಬೇಕು.

ರೆಸ್ಯೂಮ್‌ನಲ್ಲಿ ಹವ್ಯಾಸ ಎಂಬ ಕಡೆ "ಗೇಮಿಂಗ್" ಎಂದು ಒಂದು ಪದ ಹಾಕಿದರೆ ಅದರಿಂದ ಏನೂ ತಿಳಿಯುವುದಿಲ್ಲ. ಹೀಗೆ ಬರೆಯಿರಿ: "40 ಜನರ ಆನ್‌ಲೈನ್ ತಂಡ ನಡೆಸುತ್ತೇನೆ. ವಾರದ ಸ್ಪರ್ಧೆಗೆ ಆಟಗಾರರ ಆಯ್ಕೆ, ಕೆಲಸ ಹಂಚಿಕೆ, ಸೋಲಿನ ಪರಿಶೀಲನೆ ನನ್ನ ಜವಾಬ್ದಾರಿ." ಅಂಕಿ ನಿಮ್ಮ ನೋಟ್‌ಬುಕ್‌ನಲ್ಲಿ ಇದ್ದದ್ದೇ ಇರಲಿ, ಒಂದನ್ನೂ ಏರಿಸಬೇಡಿ. ಪ್ರಶ್ನೆ ಕೇಳುವವರು ಎರಡನೇ ಪ್ರಶ್ನೆಗೇ ಹಿಡಿಯುತ್ತಾರೆ.

ಇಂಟರ್ವ್ಯೂನಲ್ಲಿ ಗೇಮ್‌ನ ಮಾತು ಒಂದೇ ವಾಕ್ಯದಲ್ಲಿ ಮುಗಿಸಿ ಜನರ ಮಾತಿಗೆ ಬನ್ನಿ. ಟೌನ್ ಹಾಲ್ ಎಷ್ಟನೇ ಲೆವೆಲ್ ಎಂಬುದು ಎದುರು ಕೂತವರಿಗೆ ಬೇಡ. "ನಮ್ಮ ತಂಡದಲ್ಲಿ ಒಬ್ಬ ಪದೇ ಪದೇ ಕೆಲಸ ಬಿಡುತ್ತಿದ್ದ. ಎಲ್ಲರೂ ತೆಗೆದುಹಾಕಿ ಎಂದರು. ನಾವು ಮಾತಾಡಿದೆವು, ಕೊಯ್ಲಿನ ಕೆಲಸ ಇದೆ ಅಂತ ಗೊತ್ತಾಯಿತು. ಅವನಿಗೆ ಆ ಸಮಯಕ್ಕೆ ಹೊಂದುವ ಬೇರೆ ಕೆಲಸ ಕೊಟ್ಟೆವು" ಎಂದು ಹೇಳಿ ನೋಡಿ. ಗೇಮ್ ಮುಟ್ಟದ ಮ್ಯಾನೇಜರ್‌ಗೂ ಅದು ಅರ್ಥವಾಗುತ್ತದೆ, ಅವರ ಬಳಿಯೂ ಅಂಥ ಒಬ್ಬರು ಇದ್ದೇ ಇರುತ್ತಾರೆ.

ಹೆಜ್ಜೆ 12: ಬಿಟ್ಟುಕೊಡುವ ದಿನಕ್ಕೆ ತಯಾರಿರಿ

ಕೆಲಸ ಸಿಕ್ಕಿ ಬೆಂಗಳೂರಿಗೆ ಹೊರಡುತ್ತೀರಿ, ಅಥವಾ ಮದುವೆಯಾಗುತ್ತದೆ, ಅಥವಾ ಸಾಕು ಅನಿಸುತ್ತದೆ. ಕೋ-ಲೀಡರ್‌ಗಳಲ್ಲಿ ಒಬ್ಬರಿಗೆ ಎರಡು ತಿಂಗಳು ಮೊದಲೇ ಹೇಳಿ. ಮೊದಲ ತಿಂಗಳು ಅವರು ಪ್ಲಾನ್ ಮಾಡಲಿ, ನೀವು ಪಕ್ಕದಲ್ಲಿರಿ. ಎರಡನೇ ತಿಂಗಳು ನೀವು ವಾರ್‌ನಲ್ಲಿ ಸಾಮಾನ್ಯ ಆಟಗಾರರಾಗಿ ಆಡಿ. ನೋಟ್‌ಬುಕ್‌ನಿಂದ ಜನರ ಬಿಡುವಿನ ಪಟ್ಟಿ, ಬೋನಸ್ ಲೆಕ್ಕ, ಎಚ್ಚರಿಕೆ ಕೊಟ್ಟವರ ಹೆಸರು ಮಾತ್ರ ಅವರಿಗೆ ಕೊಡಿ. ಜನ ನಿಮ್ಮನ್ನು ನಂಬಿ ಹೇಳಿಕೊಂಡ ಮನೆಯ ವಿಷಯಗಳಿದ್ದ ಪುಟಗಳನ್ನು ಹರಿದು ಹಾಕಿ. ಡಿಸ್ಕಾರ್ಡ್ ಸರ್ವರ್‌ನ ಮಾಲೀಕತ್ವವನ್ನೂ ಅವರ ಹೆಸರಿಗೆ ವರ್ಗಾಯಿಸಿ, ಇದನ್ನು ಬಹಳ ಜನ ಮರೆಯುತ್ತಾರೆ. ಪಟ್ಟ ಕೊಟ್ಟ ಮೇಲೆ ಒಂದು ಲೀಗ್ ಮುಗಿಯುವವರೆಗೆ ಕೋ-ಲೀಡರ್ ಆಗಿ ಉಳಿಯಿರಿ. ಹಳಬರು ಅಭ್ಯಾಸ ಬಲದಿಂದ ನಿಮ್ಮನ್ನೇ ಕೇಳಲು ಬಂದರೆ "ಲೀಡರ್‌ನ ಕೇಳಿ" ಎಂದು ಹೊಸಬರ ಕಡೆ ಕಳಿಸಿ.